ಅಳಿವೆಯ ಹೋರಾಟದಲ್ಲಿ ವಿದೇಶಿ ಸ್ವಯಂಸೇವಕಿ: ಎಲ್ಲಿಯವರೆಗೆ ಜೊತೆಗಿರಬೇಕು?

ಅಳಿವೆ ಬದಿಯ ಮನೆ (ಕುಮಟಾ–ಹೊನ್ನಾವರ ನಡುವೆ)

ನಮ್ಮ ಮನೆಯಲ್ಲಿ ಉಳಿದುಕೊಂಡಿರುವ ನೆದರ್‌ಲ್ಯಾಂಡ್ಸಿನ ಯುವತಿಯೊಬ್ಬರ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅವರು ಬಂದದ್ದು ಊರಿನ ಶಾಲೆಯ ಮಕ್ಕಳಿಗೆ ಸಂಬಳವಿಲ್ಲದೆ ಇಂಗ್ಲಿಷ್ ಮಾತುಗಾರಿಕೆ ಕಲಿಸುವುದಕ್ಕೆ. ಹೋರಾಟ, ಚಳವಳಿ ಎಂಬ ಯೋಚನೆಯೇ ಅವರಿಗಿರಲಿಲ್ಲ. ಆದರೆ ಆ ಮಕ್ಕಳಲ್ಲಿ ಬಹುಪಾಲು ಜನರ ತಾಯಂದಿರು ನೀರಿಳಿದಾಗ ಅಳಿವೆಗೆ ಹೋಗಿ ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ) ಆರಿಸುವವರು. ಒಂದು ಅಮಾವಾಸ್ಯೆಯ ಇಳಿತಕ್ಕೆ ಅವರ ಜೊತೆ ಹೋದ ಈಕೆ ಮರುದಿನವೂ ಹೋದರು. ಆಮೇಲೆ ಅಳಿವೆಯ ಬಾಯಲ್ಲಿ ಹೂಳೆತ್ತಿ ಸಣ್ಣ ಬಂದರು ಕಟ್ಟುವ ಯೋಜನೆಯ ವಿರುದ್ಧ ಹೆಂಗಸರು ಕರೆದ ಸಭೆಗೂ ಹೋದರು. ಸಭೆಯ ಕೊನೆಯಲ್ಲಿ ಯಾರೋ ಕೈಗೊಂದು ಫಲಕ ಕೊಟ್ಟರು. ಅದರಲ್ಲಿ ಏನು ಬರೆದಿದೆಯೆಂದು ಓದಲು ಬಾರದಿದ್ದರೂ ಹಿಡಿದು ನಿಂತರು. ಆ ಚಿತ್ರ ಈಗ ತಾಲ್ಲೂಕಿನ ಎಲ್ಲರ ಮೊಬೈಲಿನಲ್ಲಿದೆ. ಕೆಳಗೆ ‘ಹೋರಾಟಕ್ಕೆ ವಿದೇಶಿ ಹಣ’ ಎಂಬ ಒಕ್ಕಣೆ.

ಯೋಜನೆಯ ಹೆಸರನ್ನೂ ಊರಿನ ಹೆಸರನ್ನೂ ಬೇಕೆಂದೇ ಬರೆಯುತ್ತಿಲ್ಲ. ಪರಿಸರ ಅನುಮತಿಗೆ ಸಂಬಂಧಿಸಿದ ಸಾರ್ವಜನಿಕ ಅಹವಾಲು ಸಭೆ ಹತ್ತಿರ ಬರುತ್ತಿದೆ, ಅಲ್ಲಿ ಎದ್ದು ನಿಂತು ಮಾತನಾಡಲು ಆಕೆ ಸಿದ್ಧರಾಗಿದ್ದಾರೆ. ಆಕೆ ಬಂದ ಮೇಲೆಯೇ ಪತ್ರಿಕೆಯವರು ನಮ್ಮ ಕಡೆ ತಿರುಗಿ ನೋಡಿದ್ದು ಎಂದು ಕೆಲವು ಹೆಂಗಸರು ಹೇಳುತ್ತಾರೆ. ಗಂಡಸರಲ್ಲಿ ಅನೇಕರು, ಮೊದಲು ಅವರನ್ನು ಊರಿಗೆ ಕಳುಹಿಸಿಬಿಡಿ ಎನ್ನುತ್ತಾರೆ. ಮನೆಯಲ್ಲಿ ಉಳಿಸಿಕೊಂಡವಳಾಗಿ ನನ್ನ ಹೊಣೆ ಏನು, ಹೋರಾಟದ ದೃಷ್ಟಿಯಿಂದ ಯಾವುದು ಸರಿ, ಎರಡನ್ನೂ ತಿಳಿಯಬೇಕಾಗಿದೆ.

ಬಂದರಿನ ಹುಡುಗ (ಕಾರವಾರ)

ಬೇಸರವಾದರೂ ನೇರವಾಗಿ ಹೇಳುತ್ತೇನೆ. ಯುರೋಪಿನ ಅತಿ ದೊಡ್ಡ ಬಂದರು ರಾಟರ್‌ಡ್ಯಾಮ್ ಇರುವುದು ಆಕೆಯ ದೇಶದಲ್ಲಿಯೇ. ಅದು ಸಾಲದೆಂದು ಸಮುದ್ರಕ್ಕೆ ಮರಳು ತುಂಬಿ ಅದನ್ನು ಇನ್ನಷ್ಟು ಮುಂದಕ್ಕೆ ಬೆಳೆಸಿದ್ದಾರೆ. ಆ ಸಂಪತ್ತಿನಲ್ಲಿ ಬೆಳೆದವರು ವಿಮಾನ ಹತ್ತಿ ಬಂದು ನಮಗೆ ಬಂದರು ಬೇಡವೆಂದು ಹೇಳಿಕೊಡುವ ಅಗತ್ಯವಿಲ್ಲ. ನಮ್ಮ ಜಿಲ್ಲೆಯಲ್ಲಿ ಹೆದ್ದಾರಿಯ ಮೇಲೆ ಅಪಘಾತವಾದರೆ ಇಂದಿಗೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ದೊಡ್ಡ ಆಸ್ಪತ್ರೆ ಬೇಕೆಂದು ಜನ ಎಷ್ಟು ಸಲ ಬೀದಿಗಿಳಿದರೂ ಕೂಗು ಕೂಗಾಗಿಯೇ ಉಳಿಯಿತು. ಪದವಿ ಮುಗಿಸಿದವರು ಗೋವಾದ ಕಾರ್ಖಾನೆಗಳಿಗೆ ದುಡಿಯಲು ಹೋಗುತ್ತಾರೆ. ಇಲ್ಲಿಗೆ ಏನೇ ಬಂದರೂ ಬೇಡ ಎನ್ನುವವರ ಸಾಲಿಗೆ ಈಗ ಹೊರದೇಶದವರೂ ಸೇರಿಕೊಂಡರೆ, ಕೆಲಸ ಬೇಕು ಎನ್ನುವವರ ಪರವಾಗಿ ಫಲಕ ಹಿಡಿಯಲು ಯಾವ ದೇಶದಿಂದ ಜನ ಕರೆಸಬೇಕು?

ವಕೀಲ, ಕೋಡಿಬಾಗ

ಕಾನೂನಿನ ಭಾಗವನ್ನಷ್ಟೇ ಹೇಳುತ್ತೇನೆ.

ಮನೆಯಲ್ಲಿ ಉಳಿಸಿಕೊಂಡವರ ಮೊದಲ ಹೊಣೆ ಸಿ ಫಾರ್ಮ್. ವಿದೇಶಿಯರು ಬಂದು ತಂಗಿದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್ ಮತ್ತು ವೀಸಾ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. ಇದು ಹೋಟೆಲಿನವರಿಗೆ ಮಾತ್ರ ಎಂದು ತಿಳಿದುಕೊಂಡವರು ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಈಗ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಈ ಹೊಣೆಯಿಂದ ಮಾತ್ರ ಬಿಡುಗಡೆಯಿಲ್ಲ. ಇನ್ನು ವೀಸಾ. ಪ್ರವಾಸಿ ಇ-ವೀಸಾದಲ್ಲಿ ಬಂದವರಿಗೆ ಹಣ ಪಡೆಯದ ಸ್ವಯಂಸೇವೆಗೆ ಅವಕಾಶವಿದೆ, ಆದರೆ ಗರಿಷ್ಠ ಒಂದು ತಿಂಗಳು ಮಾತ್ರ. ಶಾಲೆಯಲ್ಲಿ ಪಾಠ ಹೇಳುವುದೇ ಆ ಮಿತಿಯೊಳಗೆ ಬರುವಾಗ, ಸರ್ಕಾರದ ಅನುಮತಿಗೆ ವಿರುದ್ಧವಾದ ಫಲಕ ಹಿಡಿಯುವುದನ್ನು ಯಾವ ಅಧಿಕಾರಿಯೂ ಪ್ರವಾಸವೆಂದು ಒಪ್ಪುವುದಿಲ್ಲ. ಸಂವಿಧಾನದ 14 ಮತ್ತು 21ನೇ ವಿಧಿಗಳ ರಕ್ಷಣೆ ಈ ನೆಲದ ಮೇಲಿರುವ ಎಲ್ಲರಿಗೂ ಉಂಟು. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮತ್ತು ಸಭೆ ಸೇರುವ ಸ್ವಾತಂತ್ರ್ಯ ಮಾತ್ರ ಪ್ರಜೆಗಳದ್ದು. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವುದಕ್ಕೂ ವಿದೇಶಿಯರಿಗೆ ಅವಕಾಶವಿಲ್ಲ.

ಹಣದ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಆಕೆ ಪ್ರೀತಿಯಿಂದಲೇ ತಮ್ಮ ಊರಿನ ಗೆಳೆಯರಿಂದ ಒಂದಿಷ್ಟು ಸಂಗ್ರಹಿಸಿ ನಿಮ್ಮ ಸಮಿತಿಯ ಖಾತೆಗೆ ಹಾಕಿದರೂ ಅದು ವಿದೇಶಿ ದೇಣಿಗೆ; 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಫಲಕದ ಬಟ್ಟೆಯ ದುಡ್ಡೂ ಬೇಡ.

ಇದು ಬರೀ ಹೆದರಿಸುವ ಮಾತಲ್ಲ. 2012ರ ಫೆಬ್ರವರಿಯಲ್ಲಿ ಕೂಡಂಕುಳಂ ಅಣುಸ್ಥಾವರದ ವಿರುದ್ಧದ ಹೋರಾಟಕ್ಕೆ ನೆರವಾದರೆಂಬ ಆರೋಪದ ಮೇಲೆ ಜರ್ಮನಿಯ ಪ್ರಜೆಯೊಬ್ಬರನ್ನು ನಾಗರಕೋಯಿಲಿನಿಂದ ಕರೆದೊಯ್ದು ದೇಶದ ಹೊರಗೆ ಕಳುಹಿಸಲಾಯಿತು. ಅದೇ ತಿಂಗಳು ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ಅಮೆರಿಕ ಮೂಲದ ಸಂಸ್ಥೆಗಳ ಕಡೆ ಬೊಟ್ಟು ಮಾಡಿದ್ದರು. ಸ್ಥಾವರದ ಪಕ್ಕದ ಊರಾದ ಇಡಿಂತಕರೈಯ ಮೀನುಗಾರರ ಪ್ರಶ್ನೆಯಿದ್ದದ್ದು ಸ್ಥಾವರದ ಸುರಕ್ಷತೆಯ ಬಗ್ಗೆ. ದೆಹಲಿಯಲ್ಲಿ ಚರ್ಚೆ ನಡೆದದ್ದು ಹಣ ಎಲ್ಲಿಂದ ಬಂತೆಂಬುದರ ಬಗ್ಗೆ. ಆಕೆಯನ್ನು ಹೊರಗೆ ಕಳುಹಿಸಿದರೆ ಆಕೆಗೆ ಆಗುವ ನಷ್ಟ ಒಂದು ಪ್ರವಾಸ ಅರ್ಧಕ್ಕೆ ನಿಲ್ಲುವುದು, ಹೆಚ್ಚೆಂದರೆ ಮತ್ತೆ ವೀಸಾ ಸಿಗದಿರುವುದು. ನಿಮ್ಮ ಸಭೆಯ ವಿಷಯವೇ ಬದಲಾಗಿಹೋಗುತ್ತದೆ.

ತೋಟಿಗ (ಶಿರಸಿ)

ವಕೀಲರ ಎಚ್ಚರಿಕೆ ಸರಿ. ಆದರೆ ಹೊರಗಿನವರು ಎಂಬ ಮಾತನ್ನು ನಮ್ಮ ಜಿಲ್ಲೆಯಲ್ಲಿ ಅಷ್ಟು ಸುಲಭವಾಗಿ ಆಡುವಂತಿಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಬಳಿಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದದ್ದು ಇಲ್ಲಿಯದೇ ಯುವಕರು ಮತ್ತು ಹೆಂಗಸರು. ಆ ಹಾದಿಯ ಪರಿಚಯ ಮಾಡಿಕೊಟ್ಟವರು ಮಾತ್ರ ಗಢವಾಲದ ಸುಂದರಲಾಲ ಬಹುಗುಣರು. ಅವರು ಬಂದು ತಮ್ಮ ಕಡೆಯ ಮರ ಅಪ್ಪುವ ಚಳವಳಿಯಾದ ಚಿಪ್ಕೋ ಕಥೆ ಹೇಳಿ ಹೋದರು, ಇಲ್ಲಿಯ ಮರ ಅಪ್ಪುವ ಕೆಲಸವನ್ನು ಇಲ್ಲಿಯವರಿಗೇ ಬಿಟ್ಟರು. ಪಾಂಡುರಂಗ ಹೆಗಡೆಯವರು ಅದನ್ನು ಊರೂರಿಗೆ ಒಯ್ದರು. ‘ಉಳಿಸು, ಬೆಳೆಸು, ಬಳಸು’ ಎಂಬ ಘೋಷಣೆಯಲ್ಲಿ ಬಳಸು ಎಂಬುದಕ್ಕೂ ಜಾಗವಿದ್ದದ್ದರಿಂದ ಗೊಬ್ಬರದ ಸೊಪ್ಪಿಗೆ ಬೆಟ್ಟವನ್ನು ನಂಬಿದ ಅಡಿಕೆ ತೋಟದವರು ಅದನ್ನು ತಮ್ಮದೆಂದುಕೊಂಡರು ಎಂಬುದು ನನ್ನ ಅಭಿಪ್ರಾಯ.

ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಯ ಕಾಲದ ಪಾಠ ಇದಕ್ಕಿಂತಲೂ ಉಪಯುಕ್ತವೆಂದು ಕಾಣುತ್ತದೆ. ಘೋಷಣೆ ಕೂಗುವ ಮೊದಲು ನಮ್ಮ ಹಿರಿಯರು ಲೆಕ್ಕಕ್ಕೆ ಕೂತರು. ಮುಳುಗುವ ತೋಟ ಎಷ್ಟು, ಬೆಟ್ಟ ಎಷ್ಟು, ಅದರ ವರ್ಷದ ಹುಟ್ಟುವಳಿ ಏನು, ಬರುವ ವಿದ್ಯುತ್ತಿನ ಬೆಲೆ ಏನು ಎಂಬುದನ್ನು ಇಟ್ಟುಕೊಂಡು ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1981ರಲ್ಲಿ ವಿಚಾರ ಸಂಕಿರಣವನ್ನೇ ನಡೆಸಿತು. ಹೊರಗಿನ ವಿಜ್ಞಾನಿಗಳೂ ಅರ್ಥಶಾಸ್ತ್ರಜ್ಞರೂ ಬಂದು ಆ ಲೆಕ್ಕವನ್ನು ಒರೆಗೆ ಹಚ್ಚಿದರು. ಯೋಜನೆ ಆಗ ಬದಿಗೆ ಸರಿಯಿತು. ಕರೆದವರು ನಮ್ಮವರು, ಕೇಳಿದ ಪ್ರಶ್ನೆ ನಮ್ಮದು, ಉತ್ತರಕ್ಕೆ ನೆರವಾದವರು ಎಲ್ಲಿಂದ ಬಂದರೂ ಆಗ ಯಾರಿಗೂ ಅಡ್ಡಿಯಾಗಲಿಲ್ಲ. ನಿಮ್ಮ ಅತಿಥಿಯ ಕೈಯಿಂದ ಫಲಕವನ್ನು ತೆಗೆದು ಪೆನ್ಸಿಲು ಕೊಡಿ.

ಮಲ್ಲಾಪುರದ ಮೇಷ್ಟ್ರು

ಒಂದು ಮಾತು ಸೇರಿಸುತ್ತೇನೆ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರಂಥವರೇ 1989ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಕ್ಷೇತ್ರಕ್ಕೆ ಬಂದು ನಿಂತರು. ಜನ ಅವರ ಮಾತನ್ನು ಗೌರವದಿಂದ ಕೇಳಿದರು, ಗೆಲ್ಲಿಸಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕಳಚಿ ಬಿದ್ದಾಗ ಅವರ ಆತಂಕ ಎಲ್ಲರಿಗೂ ನೆನಪಾಯಿತು. ಆದರೂ 2000ದಲ್ಲಿ ಸ್ಥಾವರ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಉತ್ಪಾದಿಸತೊಡಗಿತು, ಈಗ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೂರು ತಾಸು ದಾರಿಯ ಆಚೆಯ ಕಾರಂತರಿಗೇ ಆಗದ್ದು ಆಮ್‌ಸ್ಟರ್‌ಡ್ಯಾಮಿನ ಹುಡುಗಿಯಿಂದ ಆಗುತ್ತದೆ ಎಂದು ನಂಬುವುದು ಬೇಡ. ಆಕೆಯಿಂದ ಹೋರಾಟ ಹಾಳಾಗುತ್ತದೆ ಎಂದು ಅಷ್ಟೊಂದು ಹೆದರುವುದೂ ಬೇಡ.

ಬಲೆ ಹೆಣೆಯುವವಳು (ಹೊನ್ನಾವರ ಕಡೆ)

ನಮ್ಮ ಕೇರಿಗೂ ಇಂಥವರು ಬಂದಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ. ಮೊದಲು ಬರುವವರಿಗೆ ಕಡಲಾಮೆಯ ಮರಿ ಬೇಕು. ಚಳಿಗಾಲದ ಬೆಳಗಿನ ಜಾವ ದಡದಲ್ಲಿ ಆಮೆ ಹತ್ತಿ ಇಳಿದ ಎರಡು ಜಾಡು ಕಂಡರೆ ನಮ್ಮ ಹುಡುಗರು ನಾಯಿ ಬರುವ ಮೊದಲೇ ಹೋಗಿ ಸುತ್ತ ಕೋಲು ನೆಟ್ಟು ಹಳೆಯ ಬಲೆ ಕಟ್ಟುತ್ತಾರೆ, ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ತಾರೀಕು ಬರೆದ ಹಲಗೆ ಇಡುತ್ತಾರೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ, ಮರಿಯಾಗಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಅಷ್ಟು ದಿನ ಕಾಯುವವರು ನಾವು. ಮರಿ ಸಮುದ್ರಕ್ಕೆ ಓಡುವ ದಿನ ಮೊಬೈಲು ಹಿಡಿದು ಬರುವವರು ಎಲ್ಲರೂ.

ಇದರಿಂದ ನನಗೆ ಬೇಸರವಿಲ್ಲ. ಬೇಸರ ಬರುವುದು ಆಮೇಲೆ. ರಸ್ತೆಗೆ ಅಡ್ಡ ಕುಳಿತ ದಿನ ಜೊತೆ ಕುಳಿತ ಹೊರಗಿನವರು ಮುಂದಿನ ವಾರ ಗೋಕರ್ಣದಲ್ಲೋ ಗೋವಾದಲ್ಲೋ ಇರುತ್ತಾರೆ. ಮೊಕದ್ದಮೆ ಬಿದ್ದ ನಮ್ಮ ಗಂಡಸರು ಮಾತ್ರ ಕಡಲಿಗೆ ಹೋಗಬೇಕಾದ ದಿನ ಕೋರ್ಟಿನ ಬಾಗಿಲಿಗೆ ಹೋಗುತ್ತಾರೆ. ದೋಣಿ ದಡದಲ್ಲಿ ನಿಂತರೆ ದಿನದ ದುಡಿಮೆ ಹೋಯಿತು, ಬಾಡಿಗೆ ಕೊಟ್ಟು ಪೇಟೆಗೆ ಹೋಗಿ ಬರುವ ಖರ್ಚು ಬೇರೆ. ಹಾಗಾಗಿ ಆಕೆ ಇರಬೇಕೇ ಬೇಡವೇ ಎಂಬುದನ್ನು ಮನೆಯೊಡತಿ ತೀರ್ಮಾನಿಸುವುದಲ್ಲ, ಇಲ್ಲಿ ಬರೆಯುತ್ತಿರುವವರೂ ತೀರ್ಮಾನಿಸುವುದಲ್ಲ. ನೀರಿಗಿಳಿಯುವ ಹೆಂಗಸರನ್ನು ಕೂರಿಸಿ ಕೇಳಿ. ಅದೂ ಮೀನುಗಾರ ಖಾರ್ವಿ ಸಮುದಾಯದ ಮನೆಗಳಿದ್ದರೆ ಕೊಂಕಣಿಯಲ್ಲಿ ಕೇಳಿ. ಸಭೆಯ ಕನ್ನಡದಲ್ಲಿ ಕೇಳಿದರೆ ಎಲ್ಲದಕ್ಕೂ ಹೂಂ ಎನ್ನುತ್ತಾರೆ.

ಅಂಕೋಲೆಯಿಂದ ದೂರ

ನಾನು ಇದೇ ಪರಿಸ್ಥಿತಿಯಲ್ಲಿ ಆಚೆ ಬದಿಗೆ ನಿಂತವನು. ಓದಿಗಾಗಿ ಯುರೋಪಿನಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ರುಮೇನಿಯಾದ ರೋಶಿಯಾ ಮೊಂಟಾನಾ ಎಂಬ ಬೆಟ್ಟದೂರಿಗೆ ಹಳೆಯ ಮನೆಗಳನ್ನು ದುರಸ್ತಿ ಮಾಡುವ ಶಿಬಿರಕ್ಕೆ ಸ್ವಯಂಸೇವಕನಾಗಿ ಹೋಗಿದ್ದೆ. ಸುಣ್ಣ ಅರಳಿಸಿ, ಮರಳು ಜರಡಿ ಹಿಡಿದು, ಗೋಡೆಗೆ ಗಾರೆ ಬಳಿಯುವ ಕೆಲಸ. ಅದು ರೋಮನ್ನರ ಕಾಲದಿಂದ ಚಿನ್ನ ತೆಗೆದ ಊರು. ಅಲ್ಲಿ ಬೆಟ್ಟಗಳನ್ನೇ ಅಗೆದು ಸಯನೈಡ್ ಬಳಸಿ ಚಿನ್ನ ತೆಗೆಯಲು ಕೆನಡಾದ ಕಂಪನಿಯೊಂದು ಮುಂದಾಗಿತ್ತು, ಅದಕ್ಕಾಗಿ ಬಹಳ ಮನೆಗಳನ್ನು ಕೊಂಡುಕೊಂಡಿತ್ತು. ಮಾರದೆ ಉಳಿದವರ ಬಾಗಿಲಿನ ಮೇಲೆ ‘ಈ ಮನೆ ಮಾರಾಟಕ್ಕಿಲ್ಲ’ ಎಂಬ ಫಲಕ. ಅಂಥ ಊರಿನಲ್ಲಿ ಒಂದು ಗೋಡೆಗೆ ಸುಣ್ಣ ಬಳಿಯುವುದೂ ಒಂದು ಪಕ್ಷವನ್ನು ಹಿಡಿದಂತೆಯೇ ಎಂಬುದು ಶಿಬಿರಕ್ಕೆ ಹೆಸರು ಕೊಡುವಾಗ ನನಗೆ ಅಂದಾಜಿರಲಿಲ್ಲ. ಗಣಿ ಬಂದರೆ ಮಗನಿಗೆ ಕೆಲಸ ಸಿಗುತ್ತದೆಂದು ಕಾದಿದ್ದವರೂ ಅದೇ ಬೀದಿಯಲ್ಲಿದ್ದರು. ಅವರು ನಮ್ಮನ್ನು ನೋಡುತ್ತಿದ್ದ ನೋಟ ಇಲ್ಲಿ ಕಾರವಾರದ ಗೆಳೆಯರು ಬರೆದ ಮಾತಿನಂತೆಯೇ ಇತ್ತು, ಮತ್ತು ಅದರಲ್ಲಿ ನ್ಯಾಯವೂ ಇತ್ತು.

ಅಲ್ಲಿಯ ಹೆದರಿಕೆ ಕಲ್ಪನೆಯದಾಗಿರಲಿಲ್ಲ. ಅದೇ ದೇಶದ ಬಾಯಾ ಮಾರೆಯಲ್ಲಿ 2000ದ ಜನವರಿ 30ರಂದು ಗಣಿಯ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸಯನೈಡ್ ಬೆರೆತ ನೀರು ನದಿಗೆ ಸೇರಿ, ಹಂಗೇರಿಯ ಟೀಸಾ ನದಿಯ ಮೀನುಗಳನ್ನು ಕೊಂದು ಡ್ಯಾನ್ಯೂಬಿನವರೆಗೆ ಹರಿದಿತ್ತು. ರೋಶಿಯಾ ಮೊಂಟಾನಾದವರ ಜೊತೆ ವರ್ಷಗಟ್ಟಲೆ ನಿಂತು 2005ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದ ಸ್ಟೆಫನಿ ರಾತ್ ಹೊರದೇಶದಿಂದ ಬಂದ ಪತ್ರಕರ್ತೆ. ಆದರೆ ಯೋಜನೆ ನಿಂತದ್ದು 2013ರ ಶರತ್ಕಾಲದಲ್ಲಿ ರುಮೇನಿಯಾದವರೇ ವಾರವಾರವೂ ತಮ್ಮ ನಗರಗಳ ಬೀದಿ ತುಂಬಿದಾಗ. 2021ರಲ್ಲಿ ಊರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಕಂಪನಿ ಪರಿಹಾರ ಕೇಳಿ ಹೂಡಿದ್ದ ಅಂತರರಾಷ್ಟ್ರೀಯ ದಾವೆಯಲ್ಲಿ 2024ರಲ್ಲಿ ರುಮೇನಿಯಾ ಗೆದ್ದಿತು.

ಒಂದು ವಿಷಯ ನನಗೆ ಈಗಲೂ ವಿಚಿತ್ರವೆನಿಸುತ್ತದೆ. ಟೊರಾಂಟೊದಿಂದ ಬಂದ ಬಂಡವಾಳವನ್ನು ಯಾರೂ ವಿದೇಶಿ ಕೈವಾಡ ಎನ್ನಲಿಲ್ಲ. ಗಾರೆ ಬಾಣಲೆ ಹೊತ್ತ ನಮ್ಮಂಥವರಿಗೆ ಆ ಬಿರುದು ಸಲೀಸಾಗಿ ಸಿಕ್ಕಿತು. ಆದರೂ ನನ್ನ ಸಲಹೆ ಮೇಲಿನವರದ್ದೇ. ನಮ್ಮ ಶಿಬಿರದಲ್ಲಿ ಹೊರಗಿನವರು ಗೋಡೆ ಕೆಲಸ ಮಾಡುತ್ತಿದ್ದರು, ಪತ್ರಿಕೆಯವರು ಬಂದರೆ ಮಾತನಾಡುತ್ತಿದ್ದವರು ಊರಿನವರು. ಆ ನಿಯಮವನ್ನು ಊರಿನವರೇ ಮಾಡಿದ್ದರು.

ಬಂದರಿನ ಹುಡುಗ (ಕಾರವಾರ)

ಲೆಕ್ಕ ಬರೆಯಲಿ, ಸಂತೋಷ. ಆದರೆ ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡಿ. ಆಕೆಯ ಲೆಕ್ಕದಲ್ಲಿ ಬಳಚಿನ ಸಂಪಾದನೆ ನೀವು ಹೇಳುತ್ತಿರುವಷ್ಟು ಇಲ್ಲವೆಂದು ಬಂದರೆ ಅದನ್ನೂ ಸಭೆಯ ಮುಂದೆ ಇಡುತ್ತೀರಾ? ಇಡುತ್ತೀರಾದರೆ ನಾನೂ ಬಂದು ಕೇಳುತ್ತೇನೆ. ಇಲ್ಲವಾದರೆ ಅದು ಇಂಗ್ಲಿಷಿನಲ್ಲಿ ಬರೆದ ಘೋಷಣೆಯಷ್ಟೇ.

ತೋಟಿಗ (ಶಿರಸಿ)

ಪ್ರಶ್ನೆ ನ್ಯಾಯವಾದದ್ದು. ಇಡಲೇಬೇಕು. ಮುಚ್ಚಿಟ್ಟ ಅಂಕಿಯನ್ನು ಎದುರಿನವರು ಒಂದಲ್ಲ ಒಂದು ದಿನ ಹೊರಗೆಳೆಯುತ್ತಾರೆ, ಆಮೇಲೆ ಸರಿಯಾದ ಅಂಕಿಯನ್ನೂ ಯಾರೂ ನಂಬುವುದಿಲ್ಲ. ಬಳಚಿನ ಮಾರಾಟವೊಂದನ್ನೇ ಹಿಡಿದು ಕೂರದೆ ಮನೆಯ ಊಟಕ್ಕೆ ಹೋದದ್ದು, ಸುಣ್ಣಕ್ಕೆ ಹೋದ ಚಿಪ್ಪು, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಭತ್ತ, ಕಾಂಡ್ಲದ (ಮ್ಯಾಂಗ್ರೋವ್ ಗಿಡದ) ಬುಡದ ಸಿಗಡಿ ಎಲ್ಲವನ್ನೂ ಹಿಡಿಯಬೇಕು.

ಅಳಿವೆ ಬದಿಯ ಮನೆ (ಕುಮಟಾ–ಹೊನ್ನಾವರ ನಡುವೆ)

ಹೊನ್ನಾವರದ ಅಕ್ಕ ಹೇಳಿದಂತೆ ಮಾಡಿದೆ. ನೀರಿಗಿಳಿಯುವ ಹೆಂಗಸರನ್ನಷ್ಟೇ ನಮ್ಮ ಜಗುಲಿಗೆ ಕರೆದು, ಅವರಲ್ಲೇ ಒಬ್ಬರು ಕೊಂಕಣಿಯಲ್ಲಿ ವಿಷಯ ಹೇಳಿದರು. ಇಲ್ಲಿ ಬಂದ ಮಾತುಗಳನ್ನು, ವಕೀಲರ ಮಾತನ್ನೂ ಕಾರವಾರದ ಹುಡುಗನ ಮಾತನ್ನೂ ಸೇರಿಸಿ, ಆ ಯುವತಿಗೂ ಹೇಳಲಾಯಿತು. ರಾಟರ್‌ಡ್ಯಾಮಿನ ವಿಷಯಕ್ಕೆ ಆಕೆ ವಾದ ಮಾಡಲಿಲ್ಲ, ಅದು ನಿಜವೆಂದರು. ತಮ್ಮ ದೇಶದ ಉತ್ತರದಲ್ಲಿರುವ ವಾಡನ್ ಸಮುದ್ರದ ಕಥೆಯನ್ನು ಮಾತ್ರ ಹೇಳಿದರು. ಅದೂ ಇಳಿತದಲ್ಲಿ ಮೈಲುಗಟ್ಟಲೆ ಕೆಸರು ಕಾಣುವ ಜಾಗ. ಅಲ್ಲಿಯೂ ಬಳಚಿನ ಜಾತಿಯ ಚಿಪ್ಪುಜೀವಿಗಳಿವೆ. ಅವುಗಳನ್ನು ಯಂತ್ರದಿಂದ ಬಾಚಿ ತೆಗೆಯಲು ಸರ್ಕಾರ ಪರವಾನಗಿ ಕೊಡುತ್ತಿತ್ತು. ಪರಿಸರ ಸಂಘಗಳು ನ್ಯಾಯಾಲಯಕ್ಕೆ ಹೋದವು. ಆ ಜಾಗಕ್ಕೆ ಹಾನಿಯಾಗುವುದಿಲ್ಲ ಎಂಬುದರಲ್ಲಿ ವೈಜ್ಞಾನಿಕವಾಗಿ ಸಮಂಜಸವಾದ ಯಾವ ಸಂದೇಹವೂ ಉಳಿಯದಿದ್ದರೆ ಮಾತ್ರ ಪರವಾನಗಿ ಕೊಡಬಹುದೆಂದು 2004ರ ಸೆಪ್ಟೆಂಬರ್ 7ರಂದು ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷದಿಂದ ಯಂತ್ರದ ಕೆಲಸ ನಿಂತಿತು, ಕೈಯಿಂದ ಆರಿಸುವವರು ಉಳಿದರು. ನಮ್ಮ ಹೆಂಗಸರು ಇದನ್ನು ಎರಡೆರಡು ಸಲ ಹೇಳಿಸಿಕೊಂಡರು. ಅಲ್ಲಿ ಆರಿಸುವವರು ಕಾಲಿನಿಂದ ತಡಕುತ್ತಾರೋ ಕುಂಟೆ ಹಾಕುತ್ತಾರೋ ಎಂಬುದರ ಮೇಲೆ ಅರ್ಧ ಗಂಟೆ ಮಾತು ನಡೆಯಿತು.

ತೀರ್ಮಾನ ಹೆಂಗಸರದ್ದು: ಆಕೆ ಇರಲಿ, ಸಭೆಗೆ ಬರುವುದು ಬೇಡ, ಫಲಕ ಬೇಡ, ಫೋಟೋ ಬೇಡ. ಇನ್ನುಳಿದ ದಿನಗಳಲ್ಲಿ ಮಕ್ಕಳ ಪಾಠ ಮುಗಿದ ಮೇಲೆ ಇಳಿತದ ಹೊತ್ತಿನಲ್ಲಿ ಜೊತೆಗೆ ಬಂದು, ಯಾವ ದಿಬ್ಬದಲ್ಲಿ ಯಾರು ಎಷ್ಟು ಆರಿಸಿದರು, ಮನೆಗೆಷ್ಟು, ಮಾರಾಟಕ್ಕೆಷ್ಟು, ಯಾವ ದರ ಎಂಬುದನ್ನು ಬರೆಯುವುದನ್ನು ಏಳನೆಯ, ಎಂಟನೆಯ ತರಗತಿಯ ಮಕ್ಕಳಿಗೆ ಕಲಿಸಲಿ. ಪುಸ್ತಕ ಕನ್ನಡದಲ್ಲಿರಲಿ, ಹೆಂಗಸರ ಬಳಿಯೇ ಇರಲಿ. ಕಡಿಮೆ ಸಿಕ್ಕ ದಿನವನ್ನೂ ಬಿಡದೆ ಬರೆಯಲು ಒಪ್ಪಿದ್ದಾರೆ. ಮೊದಲ ದಿನವೇ ಒಬ್ಬರ ಬುಟ್ಟಿಯಲ್ಲಿ ಬರೀ ಖಾಲಿ ಚಿಪ್ಪು ಬಂದದ್ದನ್ನೂ ಬರೆದಿದ್ದಾರೆ. ಇಷ್ಟಾದರೂ ಇಬ್ಬರು ಮುದುಕಿಯರಿಗೆ ಒಪ್ಪಿಗೆಯಾಗಲಿಲ್ಲ. ಆಕೆ ನಿಂತಿದ್ದರಿಂದಲೇ ಸಾಹೇಬರು ನಮ್ಮ ಕಡೆ ನೋಡಿದ್ದು ಎಂದು ಅವರು ಹಟ ಹಿಡಿದರು. ಅವರ ಮಾತನ್ನು ಸುಳ್ಳೆನ್ನಲು ನನ್ನಿಂದಲೂ ಆಗುವುದಿಲ್ಲ.

ವಕೀಲ, ಕೋಡಿಬಾಗ

ಒಳ್ಳೆಯದಾಯಿತು. ಅಹವಾಲು ಸಭೆಗೆ ಸಂಬಂಧಿಸಿ ಇನ್ನೆರಡು ಮಾತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನಗಳ ಮುಂಚೆ ಪತ್ರಿಕಾ ಪ್ರಕಟಣೆ ಇರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆ ಇರುವುದು ಸ್ಥಳೀಯ ಬಾಧಿತರಿಗಾಗಿ. ಉಳಿದ ಆಸಕ್ತರು ಲಿಖಿತವಾಗಿ ಅಭಿಪ್ರಾಯ ಕಳುಹಿಸಬಹುದು. ಬಹಳ ಊರುಗಳಲ್ಲಿ ಜನ ಮಾತನಾಡಿದ ಕೂಡಲೇ ಎದ್ದುಹೋಗುತ್ತಾರೆ. ಹಾಗೆ ಮಾಡಬೇಡಿ. ನಡಾವಳಿಯ ಸಾರಾಂಶವನ್ನು ಅಲ್ಲಿಯೇ ಕನ್ನಡದಲ್ಲಿ ವಿವರಿಸಿ ಓದಿ ಹೇಳಬೇಕೆಂದು ನಿಯಮವಿದೆ. ಓದುವವರೆಗೆ ಕುಳಿತು, ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲಿಯೇ ಸೇರಿಸಿಸಿ.

ಅಘನಾಶಿನಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಮಾನ್ಯತೆ ಬಂದಿದೆ, 4,801 ಹೆಕ್ಟೇರ್. ನಿಮ್ಮದು ಅದರಾಚೆಯ ಸಣ್ಣ ಅಳಿವೆಯಾದ್ದರಿಂದ ಆ ಹೆಸರನ್ನು ಹಿಡಿದು ವಾದಿಸಲು ಹೋಗಬೇಡಿ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಕಾಂಡ್ಲ ಕಾಡನ್ನೂ ಆಮೆ ಮೊಟ್ಟೆಯಿಡುವ ಜಾಗವನ್ನೂ ಅತಿ ಸೂಕ್ಷ್ಮ ವರ್ಗದಲ್ಲಿ ಇಟ್ಟಿದ್ದಾರೆ. ಯೋಜನೆಯ ನಕ್ಷೆಯಲ್ಲಿ ಅವೆರಡೂ ಸರಿಯಾಗಿ ಗುರುತಾಗಿವೆಯೇ ಎಂದು ಮೊದಲು ನೋಡಿ.

ಅಳಿವೆ ಬದಿಯ ಮನೆ (ಕುಮಟಾ–ಹೊನ್ನಾವರ ನಡುವೆ)

ಸಿ ಫಾರ್ಮನ್ನು ಅವರು ಬಂದ ದಿನವೇ ಸಲ್ಲಿಸಿದ್ದೆ, ಸ್ವೀಕೃತಿಯ ಪ್ರತಿ ನನ್ನ ಬಳಿ ಇದೆ. ವೀಸಾ ಪ್ರವಾಸಿ ಇ-ವೀಸಾ. ಒಂದು ತಿಂಗಳು ತುಂಬುವ ಮೊದಲೇ ಶಾಲೆಯ ಕೆಲಸವನ್ನೂ ಪುಸ್ತಕದ ಕೆಲಸವನ್ನೂ ಮುಗಿಸಿ ಅವರು ಹಂಪಿಯ ಕಡೆ ಹೋಗುತ್ತಾರೆ, ಅಹವಾಲು ಸಭೆಯ ಹೊತ್ತಿಗೆ ಇಲ್ಲಿರುವುದಿಲ್ಲ. ಸಾರಾಂಶದ ಕನ್ನಡ ಪ್ರತಿಗಾಗಿ ನಾಳೆ ಇಬ್ಬರು ಹೆಂಗಸರ ಜೊತೆ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತಿದ್ದೇವೆ. ನಕ್ಷೆ ಸಿಕ್ಕರೆ ಅದನ್ನು ಓದಿ ಹೇಳಲು ಕೋಡಿಬಾಗದ ವಕೀಲರು ಬಿಡುವು ಮಾಡಿಕೊಳ್ಳಬೇಕಾಗಿ ವಿನಂತಿ. ಬಂದರಿನ ಹುಡುಗನಿಗೂ ಆಹ್ವಾನವಿದೆ. ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡಬಹುದೆಂದು ಹೆಂಗಸರು ಹೇಳಿದ್ದಾರೆ.